ಆರು ಬೆರಳು ಬಲಕ್ಕೆ

ಕಳೆದ ವಿಜಯದಶಮಿಯ ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ, ಧಾರವಾಡದ ಕೆಲಗೇರಿಯಲ್ಲಿ ನಡೆದ ಹಿರಿಯ ನಾಗರಿಕರ ಗಾಳಿಬಂದೂಕು ಸ್ಪರ್ಧೆಯಲ್ಲಿ ಹುಬ್ಬಳ್ಳಿಯ ಗೋಪನಕೊಪ್ಪ ತಂಡವು ಆತಿಥೇಯ ತಂಡಕ್ಕೆ ಐವತ್ತೇಳು ಅಂಕಗಳಿಂದ ಸೋತಿತು. ಸೋತ ತಂಡದ ನಾಯಕ ನಾನು.

ಸೋಲಿಗೆ ಚೀನಾ ಕಾರಣ ಎಂದು ನಮ್ಮ ಓಣಿಯಲ್ಲಿ ಮಾತಿದೆ. ಇದು ಅರ್ಧಸತ್ಯ. ಮೂವತ್ತೊಂದು ವರ್ಷ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕುಳಿತು ಬೇರೆಯವರ ಅರ್ಧಸತ್ಯಗಳ ಉಳಿದರ್ಧ ಹುಡುಕಿದವನು ನಾನು. ಈಗ ಉಳಿದರ್ಧ ನನ್ನದೇ ಆಗಿರುವಾಗ ಬಚ್ಚಿಡುವುದು ವೃತ್ತಿಧರ್ಮವಲ್ಲ. ನಡೆದದ್ದನ್ನು ನಡೆದಂತೆ ದಾಖಲಿಸುತ್ತೇನೆ.

ಮೊದಲು ಹಿನ್ನೆಲೆ. ನಮ್ಮ ತಂಡದಲ್ಲಿ ನಾಲ್ವರು. ನಾನು, ನನ್ನ ಹೆಂಡತಿ ಗಿರಿಜಾ, ಹತ್ತಿ ವ್ಯಾಪಾರ ಮಕ್ಕಳಿಗೆ ಒಪ್ಪಿಸಿ ಆರಾಮಾಗಿರುವ ಚನ್ನಬಸಪ್ಪನವರು, ಹೊಲಿಗೆ ಯಂತ್ರ ರಿಪೇರಿ ಮಾಡುವ ದಸ್ತಗೀರ ಸಾಹೇಬರು. ಪ್ರತಿ ಭಾನುವಾರ ಬೆಳಿಗ್ಗೆ ಚನ್ನಬಸಪ್ಪನವರ ಖಾಲಿ ಗೋದಾಮಿನಲ್ಲಿ ಹಲಗೆಗೆ ಕಾರ್ಡು ಅಂಟಿಸಿ, ಹತ್ತು ಮೀಟರ್ ದೂರದಿಂದ ಸೀಸದ ಸಣ್ಣ ಗುಂಡು ಹಾರಿಸುತ್ತೇವೆ. ವೈದ್ಯರು ಬೇಡ ಎನ್ನದ ಕ್ರೀಡೆ ನಮಗೆ ಇದೊಂದೇ ಉಳಿದಿದೆ. ಪ್ರತಿ ದಸರೆಗೆ ಕೆಲಗೇರಿಯವರೊಂದಿಗೆ ಪಂದ್ಯ. ಗೆದ್ದವರಿಗೆ ಹಿತ್ತಾಳೆಯ ಶೀಲ್ಡು. ಸತತ ಮೂರು ವರ್ಷ ಗೆದ್ದವರಿಗೆ ಅದು ಕಾಯಂ. ಕೆಲಗೇರಿಯವರು ಎರಡು ವರ್ಷ ಗೆದ್ದಾಗಿತ್ತು. ಈ ಸಲ ಸೋತರೆ ಶೀಲ್ಡು ಮತ್ತೆ ಹುಬ್ಬಳ್ಳಿಯ ಮುಖ ನೋಡುವಂತಿರಲಿಲ್ಲ.

ನಮ್ಮ ಓಣಿಯವರು ನನ್ನನ್ನು "ಸಂಪಾದಕ್ರ" ಎಂದು ಕರೆಯುತ್ತಾರೆ. ನಾನು ಸಂಪಾದಕನಾಗಿರಲಿಲ್ಲ, ಉಪಸಂಪಾದಕನಾಗಿದ್ದೆ. ಹಲವು ಬಾರಿ ತಿದ್ದಿ ಹೇಳಿದ್ದೇನೆ. ಬಹಳ ಗಟ್ಟಿಯಾಗಿ ತಿದ್ದಿಲ್ಲ. ಆದರೆ ನನ್ನ ಕೈ ದಾಟಿ ಹೋದ ಪುಟದಲ್ಲಿ ತಪ್ಪು ಸಿಗುವುದಿಲ್ಲ ಎಂಬ ಹೆಸರು ಮಾತ್ರ ಸ್ವಂತ ಸಂಪಾದನೆ. ಈ ಹೆಸರಿನ ಬಲದ ಮೇಲೆಯೇ ಹೊಸ ಬಂದೂಕುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಹೊಣೆ ನನಗೆ ಬಂತು.

ನಮ್ಮ ಹಳೆಯ ಬಂದೂಕುಗಳ ಸ್ಪ್ರಿಂಗುಗಳಿಗೂ ನಮ್ಮಷ್ಟೇ ವಯಸ್ಸಾಗಿತ್ತು. ಆದ್ದರಿಂದ ಮುಂಬೈಯ ಆಮದುದಾರನೊಬ್ಬನಿಂದ ಚೀನಾದ ಅಗ್ಗದ ಬಂದೂಕು ನಾಲ್ಕು ತರಿಸಿದೆವು. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮೂರು ದಿನ ಮೊದಲು ಪೆಟ್ಟಿಗೆ ಬಂತು. ನಾಲ್ಕೂ ಒಂದೇ ಮಾದರಿ, ಒಂದೇ ಬಣ್ಣ, ಒಂದರ ಹಿಂದೊಂದು ಕ್ರಮಸಂಖ್ಯೆ. ಜೊತೆಗೆ "ಪರೀಕ್ಷಿಸಲಾಗಿದೆ, ಪರೀಕ್ಷಕ ಸಂಖ್ಯೆ ಏಳು" ಎಂದು ಇಂಗ್ಲಿಷಿನಲ್ಲಿ ಮುದ್ರೆಯೊತ್ತಿದ ಚೀಟಿಗಳು. ಒಂದು ಬಂದೂಕಿಗೆ ಎರಡು ಚೀಟಿ ಇದ್ದವು. ಒಂದಕ್ಕೆ ಚೀಟಿಯೇ ಇರಲಿಲ್ಲ. ಒಂದರ ಮುದ್ರೆ ತಲೆಕೆಳಗಾಗಿತ್ತು. ಒಟ್ಟು ನಾಲ್ಕು ಬಂದೂಕು, ನಾಲ್ಕು ಚೀಟಿ. ತಾಳೆಯಾಯಿತು ಎಂದು ನಾನು ತೃಪ್ತನಾದೆ!

ದಸ್ತಗೀರ ಸಾಹೇಬರು ಎರಡು ಬಂದೂಕುಗಳನ್ನು ಪ್ಲಾಸ್ಟಿಕ್ಕಿನ ಮೇಲಿನಿಂದಲೇ ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು.

"ಸಂಪಾದಕ್ರ, ಇವು ಒಂದ ತಾಯಿ ಮಕ್ಕಳಂಗ ಕಾಣವಲ್ಲವ್ರಿ. ಇದಕ್ಕ ನಾಕ ಸ್ಕ್ರೂ ಅದಾವ, ಇದಕ್ಕ ಮೂರ. ನಾಕನೇ ಸ್ಕ್ರೂದ ತೂತು ಐತಿ, ಸ್ಕ್ರೂ ಇಲ್ಲ."

"ಅವೆಲ್ಲಾ ಸಣ್ಣ ವಿವರ ಸಾಹೇಬ್ರ" ಎಂದೆ.

"ಮಶೀನದಾಗ ಸಣ್ಣದು ದೊಡ್ಡದು ಅಂತ ಇರೂದಿಲ್ರಿ. ಕಾಣೂದು, ಕಾಣದಿರೂದು ಅಂತ ಅಷ್ಟ ಇರತಾವ."

ಚನ್ನಬಸಪ್ಪನವರು ಖುರ್ಚಿಯಲ್ಲಿ ಕುಳಿತೇ ತಮ್ಮ ಕಸುಬಿನ ಮಾತು ಸೇರಿಸಿದರು. "ನಾಕೂ ಬಂದೂಕು ಬಿಚ್ಚಿ ಹೊಡದ ನೋಡ್ರಿ. ನಾವು ಪ್ಯಾಟ್ಯಾಗ ಒಂದ ಅಂಡಿಗಿ ನೋಡಿ ಇಡೀ ಗಾಡಿ ಹತ್ತಿಗೆ ದರಾ ಹೇಳೂದಿಲ್ಲ. ಪ್ರತಿ ಅಂಡಿಗಿ ಹರದು, ಒಳಗ ಕೈ ಹಾಕಿ, ಹಿಡಿ ಹತ್ತಿ ಹೊರಗ ಎಳೀತೇವಿ. ಮ್ಯಾಲ ಬೆಳ್ಳಗ, ಒಳಗ ಕಸಾ ಇರೂ ಮಾಲು ಎಷ್ಟ ನೋಡೇನಿ!"

"ಚನ್ನಬಸಪ್ಪನವರ, ಇದು ಹೊಲದಾಗ ಬೆಳದದ್ದಲ್ಲ, ಕಾರ್ಖಾನ್ಯಾಗ ಅಚ್ಚ ಹಾಕಿದ್ದು. ಪೇಪರ್ ಅಚ್ಚಾದ ಮ್ಯಾಲ ನಾನು ಒಂದ ಪ್ರತಿ ಓದತಿದ್ದೆ. ಸಾವಿರಾರು ಪ್ರತೀನೂ ಓದತಿದ್ನೇನ್ರಿ?"

ಅವರು ತಮ್ಮ ಟೊಪ್ಪಿಗೆ ಸರಿಮಾಡಿಕೊಂಡರು. ವಾದದಲ್ಲಿ ನಾನು ಗೆದ್ದಿದ್ದೆ. ಆ ವಾರ ನಾನು ಗೆದ್ದದ್ದು ಅದೊಂದೇ.

ನಾಲ್ಕನ್ನೂ ಬಿಚ್ಚಲು ಇನ್ನೊಂದು ಅಡ್ಡಿಯೂ ಇತ್ತು. ಗಿರಿಜಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ರೀ, ಹಬ್ಬ ಮೂರ ದಿನದಾಗ ಬಂತು. ಹೊಸಾ ಆಯುಧ ಪೂಜಿ ಇಲ್ಲದ ಹಚ್ಚಿದ್ರಿ ಅಂದ್ರ ನೋಡ್ರಿ ಮತ್ತ. ಬೇಕಾದ್ರ ಒಂದ ತಗೋರಿ. ಉಳದ ಮೂರರ ಪ್ಲಾಸ್ಟಿಕ್ ಸೈತ ಹರಿಯಾಂಗಿಲ್ಲ."

ನನಗೂ ಒಂದೇ ಸಾಕಾಗಿತ್ತು.

ಪರೀಕ್ಷೆಯನ್ನು ನಾನು ಸುದ್ದಿಮನೆಯ ನಿಯಮದಂತೆ ನಡೆಸಿದೆ. ಯಾವುದೇ ಸಂಗತಿ ಎರಡು ಮೂಲಗಳಿಂದ ಖಚಿತವಾಗಬೇಕು. ಮೊದಲ ದಿನ ನಾನು ಆ ಬಂದೂಕಿನಿಂದ ಮೂವತ್ತು ಗುಂಡು ಹಾರಿಸಿದೆ. ಎರಡನೇ ದಿನ ಗಿರಿಜಾ ಅದೇ ಬಂದೂಕಿನಿಂದ ಮೂವತ್ತು ಹಾರಿಸಿದಳು. ಎರಡು ಮೂಲ! ಎರಡೂ ಒಂದೇ ಬಂದೂಕಿನ ಬಾಯಿಂದ ಮಾತನಾಡುತ್ತಿವೆ ಎಂಬುದು ನನಗೆ ಹೊಳೆಯಲಿಲ್ಲ.

ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಅರವತ್ತೂ ಗುಂಡುಗಳು ಗುರಿಯಿಂದ ಸರಿಯಾಗಿ ಆರು ಬೆರಳು ಎಡಕ್ಕೆ ಬಿದ್ದಿದ್ದವು. ನಳಿಗೆಯ ಹಿಂದೆ ಗುರಿ ನೋಡುವ ಕಬ್ಬಿಣದ ಕಣ್ಣಿರುತ್ತದಲ್ಲ, ಅದನ್ನು ಸರಿಸಲು ತಿರುಪು ಕೊಟ್ಟಿದ್ದರು. ತಿರುಪು ತಿರುಗುತ್ತಿತ್ತು. ಕಣ್ಣು ಕದಲುತ್ತಿರಲಿಲ್ಲ.

ದಸ್ತಗೀರ ಸಾಹೇಬರು ತಕ್ಷಣ ಅಂಗಿಯ ತೋಳು ಮಡಚಿದರು. "ಹತ್ತ ನಿಮಿಷ ಕೊಡ್ರಿ. ಒಂದ ತಾಮ್ರದ ಪಟ್ಟಿ ಕೊರದು ಕಣ್ಣಿನ ಬಾಜೂಕ ಇಡತೇನಿ, ನೆಟ್ಟಗ ಆಗತೈತಿ."

ಇಲ್ಲಿ ನಾನು ಮಾಡಿದ ನಿರ್ಧಾರವನ್ನು ಪತ್ರಿಕೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಅಚ್ಚಾಗಿ ಹೊರಬಿದ್ದ ಪತ್ರಿಕೆಯಲ್ಲಿ ತಪ್ಪು ಸಿಕ್ಕರೆ ನಾವು ಮನೆಮನೆಗೆ ಹೋಗಿ ಪತ್ರಿಕೆ ತಿದ್ದುವುದಿಲ್ಲ. ಮರುದಿನ ತಿದ್ದುಪಡಿ ಪ್ರಕಟಿಸುತ್ತೇವೆ. ಬಂದೂಕೂ ಅಚ್ಚಾಗಿ ಹೊರಬಿದ್ದಿತ್ತು.

"ಕೈ ಹಚ್ಚಬ್ಯಾಡ್ರಿ ಸಾಹೇಬ್ರ, ನಾನು ತಿದ್ದುಪಡಿ ಕೊಡತೇನಿ" ಎಂದೆ.

ಆ ಸಂಜೆ ಕುಳಿತು ಬರೆದೆ. ಐದು ಬಾರಿ ಬರೆದು ನಾಲ್ಕು ಬಾರಿ ಹರಿದೆ. ಅಂತಿಮ ಪಠ್ಯ ಹೀಗಿತ್ತು:

"ತಿದ್ದುಪಡಿ. ಈ ಬಂದೂಕಿನಿಂದ ಹಾರಿಸಿದ ಗುಂಡು ಗುರಿಗಿಂತ ಆರು ಬೆರಳು ಎಡಕ್ಕೆ ಬೀಳುತ್ತದೆ. ಆದ್ದರಿಂದ ಗುರಿಗಿಂತ ಆರು ಬೆರಳು ಬಲಕ್ಕೆ ಹಿಡಿಯತಕ್ಕದ್ದು. ಆಗಿರುವ ಪ್ರಮಾದಕ್ಕಾಗಿ ವಿಷಾದಿಸುತ್ತೇವೆ."

ಗಿರಿಜಾ ಕನ್ನಡಕ ಏರಿಸಿ ಓದಿದಳು. "ನೀವ್ಯಾಕ ವಿಷಾದ ಮಾಡತೀರಿ? ಮಾಡಿದಾಂವ ಚೀನಾದಾಗ ಅದಾನ."

"ಅದು ಪದ್ಧತಿ."

"ಒಂದ ಬಂದೂಕಿಗೆ ಬರದೀರಿ, ನಾಕ ಪ್ರತಿ ಯಾಕ?"

"ಒಂದ ಮಾದರಿ, ಒಂದ ತಪ್ಪು, ಒಂದ ತಿದ್ದುಪಡಿ."

ನಾಲ್ಕು ಪ್ರತಿಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ತಂದು ನಾಲ್ಕೂ ಬಂದೂಕಿನ ಹಿಡಿಕೆಗೆ ಅಂಟಿಸಿದೆ. ಮೂರರ ಚೀಟಿ ಅಂಟಿದ್ದು ಬಂದೂಕಿಗಲ್ಲ, ಬಂದೂಕಿನ ಪ್ಲಾಸ್ಟಿಕ್ಕಿಗೆ. ಆದರೂ ಅಕ್ಷರ ಅಚ್ಚುಕಟ್ಟಾಗಿತ್ತು. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ಅಂಥ ತಿದ್ದುಪಡಿ ನನ್ನ ಇಡೀ ಸೇವಾವಧಿಯಲ್ಲಿ ಬಂದಿರಲಿಲ್ಲ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ.

ಮರುದಿನ ಖಂಡೆ ಪೂಜೆ. ಜಗಲಿಯ ಮೇಲೆ ಈಳಿಗೆಮಣೆ, ದಸ್ತಗೀರ ಸಾಹೇಬರು ಎಣ್ಣೆ ಬಿಟ್ಟುಕೊಟ್ಟ ಹೊಲಿಗೆ ಯಂತ್ರ, ನನ್ನ ಕೆಂಪು ಪೆನ್ನು, ಅವುಗಳ ಪಕ್ಕದಲ್ಲಿ ನಾಲ್ಕು ಬಂದೂಕು. ಪ್ಲಾಸ್ಟಿಕ್ಕನ್ನು ಗಿರಿಜಾ ಆಗ ತೆಗೆದಳು. ಚೀಟಿಗಳನ್ನು ಮತ್ತೆ ಅಂಟಿಸಿಕೊಟ್ಟಳು. ಭಕ್ತಿ ಹೆಚ್ಚಾಗಿ ನಳಿಗೆಯಿಂದ ಹಿಡಿಕೆಯವರೆಗೆ ಮೂರು ಬೆರಳ ವಿಭೂತಿ ಎಳೆದಳು. ಕ್ರಮಸಂಖ್ಯೆಗಳು ವಿಭೂತಿಯ ಅಡಿಯಲ್ಲಿ ಐಕ್ಯವಾದವು.

"ಒಂದೆರಡ ಗುಂಡು ಹೊಡದ ನೋಡತೇನಿ" ಎಂದು ನಾನು ಕೈ ಚಾಚಿದಾಗ ಅವಳು ನನ್ನ ಕೈಗೆ ಒಂದೇಟು ಕೊಟ್ಟಳು.

"ಪೂಜಿಗೆ ಇಟ್ಟದ್ದು. ನಾಳೆ ತನಕಾ ಮುಟ್ಟೂ ಹಂಗಿಲ್ಲ!"

ಹೀಗೆ ಮೂರು ಬಂದೂಕುಗಳು ಒಂದು ಗುಂಡನ್ನೂ ಹಾರಿಸದೆ, ವಿಭೂತಿಧಾರಿಗಳಾಗಿ, ನೇರವಾಗಿ ಪಂದ್ಯಕ್ಕೆ ಹೊರಟವು.

ದಸ್ತಗೀರ ಸಾಹೇಬರ ವ್ಯಾನಿನಲ್ಲಿ ಹೋಗುವಾಗ ನವನಗರದ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಹಿಂದಿನ ಸೀಟಿನಲ್ಲಿ ನಾಲ್ಕು ಬಂದೂಕು ಕಂಡು ಅವರ ಮುಖ ಬಿಗಿಯಾಯಿತು. ಇವು ಪರವಾನಗಿ ಬೇಡದ ಗಾಳಿಬಂದೂಕುಗಳೆಂದು ನಾನು ವಿವರಿಸಿದೆ. ಅವರು ಬಾಗಿ, ಹಿಡಿಕೆಯ ಚೀಟಿಯನ್ನು ಪೂರ್ತಿ ಓದಿದರು.

"ಆರ ಬೆರಳು ಎಡಕ್ಕ ಹೊಡಿತೈತೇನ್ರಿ ಇದು?"

"ಹೌದ್ರಿ."

"ಹಂಗಾದ್ರ ಯಾರಿಗೂ ಹತ್ತೂದಿಲ್ಲ ಬಿಡ್ರಿ, ಹೋಗ್ರಿ."

ಕೆಲಗೇರಿಯ ಅಂಗಳದಲ್ಲಿ ಪಾಟೀಲ ಮಾಸ್ತರರು ಬನ್ನಿ ಎಲೆ ಹಿಡಿದು ನಿಂತಿದ್ದರು. ಅವರು ಎದುರು ತಂಡದ ನಾಯಕರು, ನಿವೃತ್ತ ಕನ್ನಡ ಶಿಕ್ಷಕರು. ಎಡಗಣ್ಣಿನ ಪೊರೆ ತೆಗೆಸಿದ್ದಾರೆ. ಬಲಗಣ್ಣಿನದು ಬಾಕಿ. ಗುರಿ ಹಿಡಿಯುವುದು ಬಲಗಣ್ಣಿನಿಂದ.

"ಬರ್ರಿ ಬರ್ರಿ, ಬನ್ನಿ ತಗೊಂಡು ಬಂಗಾರದಂಗ ಇರೂಣು. ಏನ್ ಸಂಪಾದಕ್ರ, ಬಂದೂಕಿಗೆ ಬ್ಯಾರೆ ವಿಭೂತಿ ಹಚ್ಕೊಂಡ ಬಂದೀರಿ! ಹೊಡಿಯೂದರ ಮ್ಯಾಲ ಭರೋಸೆ ಇಲ್ಲೇನು?"

"ಭರೋಸೆ ಐತಿ ಅಂತನ ನಾಯಕನಾಗೇನ್ರಿ ಮಾಸ್ತರ" ಎಂದೆ.

ತೀರ್ಪುಗಾರರು ಸುಶೀಲಾಬಾಯಿ, ಎರಡೂ ತಂಡಗಳು ಒಪ್ಪಿದ ನಿವೃತ್ತ ಮುಖ್ಯಾಧ್ಯಾಪಕಿ. ಅವರ ಕೈಯಲ್ಲಿ ಸ್ಪರ್ಧೆಯ ನಿಯಮಾವಳಿ ಇತ್ತು. ಅದನ್ನು ರಚಿಸಿದವನೂ ನಾನೇ. ಪ್ರತಿ ಸುತ್ತಿಗೆ ಎರಡೂ ತಂಡಗಳಿಂದ ಒಬ್ಬೊಬ್ಬರು, ತಲಾ ಹತ್ತು ಗುಂಡು. ಕಾರ್ಡಿನ ನಟ್ಟನಡುವೆ ಬಿದ್ದರೆ ಹತ್ತು ಅಂಕ, ಅಂಚಿಗೆ ಬಿದ್ದರೆ ಒಂದು. ಒಂದೇ ಹಲಗೆಯ ಮೇಲೆ ಪ್ರತಿ ಸುತ್ತಿಗೂ ಎರಡು ಹೊಸ ಕಾರ್ಡು: ಎಡಕ್ಕೆ ನಮ್ಮದು, ಬಲಕ್ಕೆ ಅವರದು. ಎರಡರ ನಡುಬೊಟ್ಟುಗಳ ಅಂತರ ಒಂದು ಗೇಣು.

ಪರೀಕ್ಷಿಸಿದ ಬಂದೂಕನ್ನು ನಾಯಕನ ಹಕ್ಕಿನಿಂದ ನಾನೇ ಎತ್ತಿಕೊಂಡೆ. ಅಂದರೆ, ಹಾಗೆಂದುಕೊಂಡೆ. ಉಳಿದ ಮೂರನ್ನು ಹಂಚಿದೆ.

ಮೊದಲ ಸುತ್ತಿನಲ್ಲಿ ಗಿರಿಜಾ ಕೂತಳು. ಚೀಟಿ ಓದಿದಳು. ಆರು ಬೆರಳು ಬಲಕ್ಕೆ ಹಿಡಿದಳು. ಎಂಬತ್ತನಾಲ್ಕು ಅಂಕ! ಕೆಲಗೇರಿಯವರು ಬಾಯಿ ತೆರೆದರು. ನಾನು ಚನ್ನಬಸಪ್ಪನವರ ಕಡೆ ತಿರುಗಿ ಏನೂ ಮಾತನಾಡಲಿಲ್ಲ. ಮಾತನಾಡದೆ ಇರುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡೆ. ನಿಜಕ್ಕೂ ಪರೀಕ್ಷಿಸಿದ್ದ ಬಂದೂಕು ಸಿಕ್ಕಿದ್ದು ಅವಳಿಗೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಎರಡನೆಯವರು ದಸ್ತಗೀರ ಸಾಹೇಬರು. ಅವರ ಬಂದೂಕು 'ಫುಸ್' ಎಂದಿತು. ಗುಂಡು ಅರ್ಧ ದಾರಿಯಲ್ಲಿ ನೆಲಕ್ಕಿಳಿಯಿತು. ಎರಡನೆಯದೂ ಹಾಗೆಯೇ.

"ಇದು ಎಡಕ್ಕೂ ಹೋಗೂದಿಲ್ಲ, ಬಲಕ್ಕೂ ಹೋಗೂದಿಲ್ರಿ. ಹೋಗೂದ ಇಲ್ಲ!" ಎಂದ ಅವರು, ನನ್ನ ಚೀಟಿಯನ್ನು ನಾಲ್ಕಾಗಿ ಮಡಚಿ ಸಡಿಲವಾಗಿದ್ದ ನಳಿಗೆಯ ಬುಡಕ್ಕೆ ಒತ್ತಿ ಗಾಳಿ ಸೋರುವುದನ್ನು ನಿಲ್ಲಿಸಿದರು. ಉಳಿದ ಎಂಟು ಗುಂಡುಗಳಲ್ಲಿ ಹೇಗೋ ಐವತ್ತೆರಡು ಅಂಕ ಬಂದವು. ನನ್ನ ತಿದ್ದುಪಡಿಯಿಂದ ಅಂದು ಆದ ನಿಜವಾದ ಉಪಯೋಗ ಇದೊಂದೇ ಎಂದು ದಾಖಲಾಗಲಿ.

ಚನ್ನಬಸಪ್ಪನವರ ಮೊದಲ ಗುಂಡು ತಗಡಿನ ಮಾಡಿಗೆ 'ಟಣ್' ಎಂದು ಬಡಿಯಿತು. ಗುಂಡು ಎಲ್ಲಿ ಬಿತ್ತು ಎಂದು ನೋಡಿ, ಮುಂದಿನದನ್ನು ಅಷ್ಟು ಕೆಳಗೆ ಹಿಡಿದರು. ಅದು ಬಿದ್ದ ಜಾಗ ನೋಡಿ ಮೂರನೆಯದನ್ನು ಸರಿಮಾಡಿದರು. ಹಿಡಿ ಹತ್ತಿ ಎಳೆದು ನೋಡುವ ಕೈ ಅದು. ಎಪ್ಪತ್ತೊಂದು ಅಂಕ ತಂದರು. ಹಬ್ಬದ ಹೋಳಿಗೆ ಭಾರವಾಗಿತ್ತೋ ಏನೋ, ಕೆಲಗೇರಿಯವರ ಕೈ ಅಂದು ಓಡಲಿಲ್ಲ.

ಕೊನೆಯ ಸುತ್ತು ಬಂದಾಗ ನಾವು ನಲವತ್ತು ಅಂಕ ಮುಂದಿದ್ದೆವು. ಉಳಿದದ್ದು ನಾನು ಮತ್ತು ಪಾಟೀಲ ಮಾಸ್ತರರು. ಅವರು ನನಗಿಂತ ನಲವತ್ತಕ್ಕೂ ಹೆಚ್ಚು ಅಂಕ ಗಳಿಸದಿದ್ದರೆ ಸಾಕು, ಶೀಲ್ಡು ಹುಬ್ಬಳ್ಳಿಗೆ. ಮಾಸ್ತರರು ಆಗಲೇ ಹಲಗೆ ಯಾವ ಕಡೆ ಇದೆ ಎಂದು ಕೇಳುತ್ತಿದ್ದರು.

ಚನ್ನಬಸಪ್ಪನವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸಂಪಾದಕ್ರ, ಕೈ ಮುಗಿತೇನಿ, ಆ ಚೀಟಿ ನೋಡಬ್ಯಾಡ್ರಿ. ಎರಡ ಗುಂಡು ಹೊಡದು, ಎಲ್ಲಿ ಬೀಳತಾವ ನೋಡಿ ಹಿಡೀರಿ."

ಒಮ್ಮೆ ಪ್ರಕಟವಾದ ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ ಕೊಟ್ಟ ಪತ್ರಿಕೆಯನ್ನು ಯಾರು ನಂಬುತ್ತಾರೆ? ನಾನು ಅವರತ್ತ ಮುಗುಳ್ನಕ್ಕೆ. ಗುರಿಗಿಂತ ಆರು ಬೆರಳು ಬಲಕ್ಕೆ, ಅಂದರೆ ಎರಡು ಕಾರ್ಡುಗಳ ನಡುವಿನ ಬರಿಯ ಹಲಗೆಗೆ, ಗುರಿ ಹಿಡಿದೆ. ಉಸಿರು ಬಿಗಿಹಿಡಿದೆ. ಹೊಡೆದೆ.

"ಕಾರ್ಡು ಕೋರಾ ಕಾಣಸ್ತೈತಲ್ರಿ?" ಎಂದರು ದಸ್ತಗೀರ ಸಾಹೇಬರು.

"ಕರಿ ಬೊಟ್ಟಿನಾಗ ಕರಿ ತೂತು ಹೆಂಗ ಕಾಣಬೇಕ್ರಿ? ನಟ್ಟನಡುವ ಬಿದ್ದೈತಿ" ಎಂದೆ.

ಹತ್ತು ಗುಂಡೂ ಹೊಡೆದೆ. ಕೈ ನಡುಗಲಿಲ್ಲ, ಉಸಿರು ತಪ್ಪಲಿಲ್ಲ. ಜೀವನದಲ್ಲಿ ನಾನು ಅಷ್ಟು ಚೆನ್ನಾಗಿ ಎಂದೂ ಹೊಡೆದಿರಲಿಲ್ಲ. ಪಕ್ಕದಲ್ಲಿ ಮಾಸ್ತರರೂ ತಮ್ಮ ಹತ್ತನ್ನು ಮುಗಿಸಿದರು. ಎದ್ದು ನಿಂತು ಅಂಗಿ ಜಾಡಿಸಿಕೊಂಡೆ. ಸುಶೀಲಾಬಾಯಿ ಹಲಗೆಯ ಹತ್ತಿರ ಹೋಗಿ ಬಹಳ ಹೊತ್ತು ನಿಂತರು.

"ಗೋಪನಕೊಪ್ಪದವರ ಕಾರ್ಡಿನಾಗ ಒಂದೂ ರಂಧ್ರ ಇಲ್ಲ. ಮಾಸ್ತರ ಕಾರ್ಡಿನಾಗ ಹನ್ನೊಂದು ಅವ! ಒಂದು ಮೂಲ್ಯಾಗ ಅದ. ಉಳದ ಹತ್ತು ನಟ್ಟನಡುವ, ಒಂದ ರೂಪಾಯಿ ಬಿಲ್ಲೆ ಇಟ್ಟರ ಮುಚ್ಚತಾವ. ಇದೇನಿದು?"

ಲೆಕ್ಕ ಸರಳ. ನನ್ನ ಬಂದೂಕು ಎಡಕ್ಕಲ್ಲ, ಆರು ಬೆರಳು ಬಲಕ್ಕೆ ಹೊಡೆಯುವಂಥದ್ದು. ತಿದ್ದುಪಡಿಯ ಪ್ರಕಾರ ನಾನು ಮತ್ತೆ ಆರು ಬೆರಳು ಬಲಕ್ಕೆ ಹಿಡಿದಿದ್ದೆ. ಆರೂ ಆರೂ ಹನ್ನೆರಡು ಬೆರಳು. ಹನ್ನೆರಡು ಬೆರಳಿಗೆ ಒಂದು ಗೇಣು!

ಪಾಟೀಲ ಮಾಸ್ತರರು ಕಾರ್ಡನ್ನು ಮೂಗಿಗೆ ಹತ್ತಿಸಿ ನೋಡಿದರು. "ಮೂಲ್ಯಾಗಿಂದು ನಂದಿರಬಹುದು. ಉಳದ ಹತ್ತು ನನ್ನವಲ್ಲ. ನನ್ನ ಒಂಬತ್ತು ಗುಂಡು ಗ್ವಾಡ್ಯಾಗ ಅದಾವ, ನೋಡ್ರಿ. ನಾ ಖರೇ ಹೇಳತೇನಿ, ನನಗ ಇವು ಬ್ಯಾಡ."

ಸುಶೀಲಾಬಾಯಿ ನಿಯಮಾವಳಿ ತೆರೆದು ಗಟ್ಟಿಯಾಗಿ ಓದಿದರು. "ಯಾರು ಹೊಡೆದದ್ದೆಂದು ತಿಳಿಯದ ರಂಧ್ರಗಳನ್ನು ಪರಿಗಣಿಸತಕ್ಕದ್ದಲ್ಲ." ತಲೆಯೆತ್ತಿದರು. "ಹಂಗಿದ್ದರ ಈ ಹತ್ತು ಲೆಕ್ಕಕ್ಕಿಲ್ಲ. ಮಾಸ್ತರಿಗೆ ಒಂದು ಅಂಕ, ಸಂಪಾದಕರಿಗೆ ಸೊನ್ನಿ. ಗೋಪನಕೊಪ್ಪದವರು ಮೂವತ್ತೊಂಬತ್ತು ಅಂಕದಿಂದ ಗೆದ್ದಂಗ."

ಗಿರಿಜಾ ನನ್ನ ಅಂಗಿಯ ತುದಿ ಹಿಡಿದಳು. ನಾನು ಮಾಡಬೇಕಾಗಿದ್ದ ಕೆಲಸ ಒಂದೇ: ಬಾಯಿ ಮುಚ್ಚಿಕೊಂಡಿರುವುದು.

ಆದರೆ 'ಸಂಪಾದಕರಿಗೆ ಸೊನ್ನೆ' ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ನಾಳೆ ಗೋಪನಕೊಪ್ಪದಲ್ಲಿ ಏನೆಂದು ಹೇಳುತ್ತಾರೆ? ಹತ್ತರಲ್ಲಿ ಹತ್ತೂ ತಪ್ಪಿದ ಎಂದು ತಾನೇ? ರೂಪಾಯಿ ಬಿಲ್ಲೆಯೊಳಗೆ ಹತ್ತು ಗುಂಡು ನೆಟ್ಟವನು ಅನಾಮಧೇಯನಾಗಿ ಉಳಿಯಬೇಕೇ?

"ತಿಳೀದವು ಅಂತ ಯಾರಂದ್ರು?" ಎಂದೆ. "ಆ ಹತ್ತೂ ನನ್ನವು! ಒಂದೂ ಅತ್ತಿತ್ತ ಹೋಗಿಲ್ಲ!"

"ಸುಮ್ಮ ಕೂಡ್ರಿ!" ಎಂದಳು ಗಿರಿಜಾ.

"ಸುಮ್ಮ ಹೆಂಗ ಕೂಡಲಿ? ದಾಖಲೆ ತಪ್ಪಾಗಬಾರದು."

ಸುಶೀಲಾಬಾಯಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅದ ನಿಯಮದಾಗ ಮುಂದ ಇನ್ನೊಂದು ಸಾಲು ಅದ. 'ಹೊಡೆದವರು ಲಿಖಿತವಾಗಿ ಒಪ್ಪಿಕೊಂಡಲ್ಲಿ, ಸದರಿ ರಂಧ್ರಗಳ ಅಂಕವನ್ನು ಅವು ಬಿದ್ದಿರುವ ಕಾರ್ಡಿನವರಿಗೆ ನೀಡತಕ್ಕದ್ದು.' ಲಿಖಿತ ಕೊಡತೀರೇನ್ರಿ?"

ಆ ಸಾಲು ನನ್ನದೇ. ವಾಕ್ಯರಚನೆಯಲ್ಲಿ ಈಗಲೂ ದೋಷ ಕಾಣುವುದಿಲ್ಲ.

"ಏ, ಬ್ಯಾಡ್ರಿ ಸಂಪಾದಕ್ರ, ನಿಮ್ಮ ಶೀಲ್ಡು ನೀವು ಒಯ್ರಿ" ಎಂದರು ಎದುರು ತಂಡದ ನಾಯಕರಾದ ಪಾಟೀಲ ಮಾಸ್ತರರೇ!

ನಾನು ಕಾಗದ ಕೇಳಿ ಪಡೆದೆ. "ಮೇಲ್ಕಂಡ ಹತ್ತು ರಂಧ್ರಗಳನ್ನು ನಾನೇ, ನನ್ನ ಸ್ವಹಸ್ತದಿಂದ, ಯಾರ ಒತ್ತಡವೂ ಇಲ್ಲದೆ ಹೊಡೆದಿರುತ್ತೇನೆ" ಎಂದು ಬರೆದು, ಪೂರ್ಣ ಹೆಸರು, ಸಹಿ, ಸಮಯ ಹಾಕಿದೆ. ಸುಶೀಲಾಬಾಯಿ ಮಾಸ್ತರರ ಕಾರ್ಡಿನ ಹನ್ನೊಂದರಲ್ಲಿ ಉತ್ತಮ ಹತ್ತನ್ನು ಎಣಿಸಿದರು. ತೊಂಬತ್ತೇಳು. ಅದು ಸ್ಪರ್ಧೆಯ ಇತಿಹಾಸದಲ್ಲೇ ದಾಖಲೆ.

ವಾಪಸು ಬರುವಾಗ ವ್ಯಾನು ಉಣಕಲ್ ದಾಟಿದ ಮೇಲೆ ನಾನೇ ಮಾತು ತೆಗೆದೆ.

"ಏನ ಅನ್ನ್ರಿ, ತೊಂಬತ್ತೇಳು ಅಂದ್ರ ಸಣ್ಣ ಮಾತಲ್ಲ."

"ಹೌದ್ರಿ" ಎಂದರು ಚನ್ನಬಸಪ್ಪನವರು ಕಿಟಕಿಯ ಹೊರಗೆ ನೋಡುತ್ತ. "ಕೆಲಗೇರಿಯವರು ಭಾಳ ಛಲೋ ಹೊಡದ್ರು."

ಹಬ್ಬದ ನಂತರ ದಸ್ತಗೀರ ಸಾಹೇಬರು ನನ್ನನ್ನು ಕೇಳದೆ ನಾಲ್ಕೂ ಬಂದೂಕುಗಳಿಗೆ ತಾಮ್ರದ ಪಟ್ಟಿ ಕೂರಿಸಿದರು. ಒಂದೊಂದಕ್ಕೆ ಹತ್ತು ನಿಮಿಷ ಹಿಡಿಯಿತು. ಪ್ರತಿ ಭಾನುವಾರ ಚನ್ನಬಸಪ್ಪನವರು ಪ್ರತಿಯೊಂದನ್ನೂ ಹೊಡೆದು ನೋಡಿ ಬೇರೆಯವರ ಕೈಗೆ ಕೊಡುತ್ತಾರೆ. ಮುಂಬೈಯ ಆಮದುದಾರನಿಗೆ ನಾನು ಮೂರು ಪುಟಗಳ ಪತ್ರ ಬರೆದೆ. ಅವನು ಇನ್ನೂ ನಾಲ್ಕು "ಪರೀಕ್ಷಿಸಲಾಗಿದೆ" ಚೀಟಿ ಕಳಿಸಿದ್ದಾನೆ.

ಶೀಲ್ಡು ಕೆಲಗೇರಿಯಲ್ಲಿದೆ. ಹೋದ ವಾರ ಗಿರಿಜಾ ಪಾಟೀಲ ಮಾಸ್ತರರ ಬಲಗಣ್ಣಿನ ಪೊರೆ ತೆಗೆದದ್ದನ್ನು ವಿಚಾರಿಸಲು ಅವರ ಮನೆಗೆ ಹೋಗಿದ್ದಳು. ಅವಳ ವರದಿಯಂತೆ, ಮಾಸ್ತರರು ಬೇಡವೆಂದರೂ ಕೇಳದೆ ಅವರ ಸೊಸೆ ಆ ಕಾರ್ಡಿಗೆ ಗಾಜಿನ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ಹತ್ತೂ ರಂಧ್ರಗಳು ಸ್ಪಷ್ಟವಾಗಿ ಕಾಣುತ್ತವೆ. ಕೆಳಗೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಪಾಟೀಲ ಮಾಸ್ತರರ ಹೆಸರಿದೆ.